ಸಿ.ವಿ.ಯಲ್ಲಿ ನಿಮ್ಮ ಕೈಕೆಲಸ ಎಲ್ಲಿದೆ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ವಿಜ್ಞಾನ, ಎಂಜಿನಿಯರಿಂಗ್ ವಿಷಯಗಳಲ್ಲಿ ಪಿಎಚ್.ಡಿ. ಮುಗಿಸುವ ಹಂತದಲ್ಲಿರುವವರದ್ದು. ಸಿ.ವಿ. ಕಳಿಸಿದರೆ ಉತ್ತರವೇ ಬರುವುದಿಲ್ಲ ಎನ್ನುವುದು ಎಲ್ಲರ ಸಂಕಟ. ನಾನು ಬೆಂಗಳೂರಿನ ಖಾಸಗಿ ಸಂಶೋಧನಾ ಕೇಂದ್ರವೊಂದರ ಮೆಟೀರಿಯಲ್ಸ್ ವಿಭಾಗದಲ್ಲಿದ್ದೇನೆ. ಹೊಸಬರನ್ನು ಆರಿಸುವ ಸಮಿತಿಯಲ್ಲಿ ಕೂತು ಸಿ.ವಿ. ಓದುವುದು ನನ್ನ ಕೆಲಸದ ಭಾಗ. ಮೊದಲ ಪತ್ರಕ್ಕೆ ಉದ್ದದ ಉತ್ತರ ಬರೆದಿದ್ದೇನೆ, ಅದರಲ್ಲಿರುವ ತೊಡಕು ತುಂಬಾ ಜನರದ್ದು.

ಪ್ರಶ್ನೆ: ಭೌತವಿಜ್ಞಾನದಲ್ಲಿ ಪಿಎಚ್.ಡಿ. ಥೀಸಿಸ್ ಸಲ್ಲಿಸಿದ್ದೇನೆ, ವೈವಾ (ಮೌಖಿಕ ಪರೀಕ್ಷೆ) ಇನ್ನೂ ಆಗಿಲ್ಲ. ದ್ರಾವಣವನ್ನು ಬಿಸಿ ಮೇಲ್ಮೈ ಮೇಲೆ ಸಿಂಪಡಿಸುವ ಸ್ಪ್ರೇ ಪೈರೋಲಿಸಿಸ್ ವಿಧಾನದಲ್ಲಿ ಸತುವಿನ ಆಕ್ಸೈಡ್ ತೆಳುಪದರ ಮಾಡಿ ಅಮೋನಿಯಾ ಅನಿಲವನ್ನು ಪತ್ತೆ ಹಚ್ಚುವುದು ನನ್ನ ವಿಷಯ. ಮೂರು ಪೇಪರ್ ಆಗಿವೆ. ಕಂಪನಿಗಳಿಗೂ ಪೋಸ್ಟ್‌ಡಾಕ್‌ಗೂ (ಪಿಎಚ್.ಡಿ. ನಂತರದ ಸಂಶೋಧನಾ ಹುದ್ದೆ) ಅರ್ಜಿ ಹಾಕಿ ಸಾಕಾಗಿದೆ. ಆರು ಪುಟದ ಸಿ.ವಿ. ಜೊತೆಗಿದೆ, ನೋಡಿ. ನಮ್ಮ ಲ್ಯಾಬಿನಲ್ಲಿ ಅನಿಲ ಪರೀಕ್ಷೆಯ ಚೇಂಬರ್ ಇರಲಿಲ್ಲ. ಹುಬ್ಬಳ್ಳಿಯ ಲೇತ್ ಅಂಗಡಿಯಲ್ಲಿ ಐದು ಲೀಟರಿನ ಸ್ಟೀಲ್ ಚೇಂಬರ್ ಮಾಡಿಸಿ, ಹೀಟರ್ ಕೂರಿಸಿ, ಮೀಟರನ್ನು ಪೈಥಾನ್‌ನಲ್ಲಿ ಓದುವಂತೆ ಮಾಡುವಷ್ಟರಲ್ಲಿ ಒಂದು ವರ್ಷ ಹೋಯಿತು. ಇಲ್ಲದಿದ್ದರೆ ಇನ್ನೊಂದು ಪೇಪರ್ ಆಗುತ್ತಿತ್ತು. ಈ ಕೊರತೆಯೇ ಕಾರಣವೇ? — ಧಾರವಾಡದ ಓದುಗರು

ಉತ್ತರ: ಪತ್ರದಲ್ಲಿ ಚೇಂಬರಿನ ಮಾತು ಓದಿದ ಕೂಡಲೇ ನಿಮ್ಮ ಸಿ.ವಿ. ತೆರೆದು ಅದನ್ನು ಹುಡುಕಿದೆ. ಆರು ಪುಟದಲ್ಲಿ ಎಲ್ಲೂ ಇಲ್ಲ. ಮೊದಲ ಪುಟದಲ್ಲಿ ಸವಾಲಿನ ಹುದ್ದೆಯಲ್ಲಿ ಸಂಸ್ಥೆಯ ಏಳಿಗೆಗೆ ದುಡಿಯುವ ಆಸೆ ಇದೆ ಎಂಬ ಪ್ಯಾರಾ, ತಂದೆಯ ಹೆಸರು, ಎಸ್ಸೆಸ್ಸೆಲ್ಸಿಯಿಂದ ಎಂ.ಎಸ್ಸಿ.ವರೆಗಿನ ಅಂಕಗಳ ಕೋಷ್ಟಕ. ಎರಡನೇ ಪುಟ ತುಂಬ ನೀವು ಕೇಳಲು ಹೋದ ಕಾರ್ಯಾಗಾರಗಳು. ಥೀಸಿಸ್ ಕಾಣಿಸುವುದು ಮೂರನೇ ಪುಟದಲ್ಲಿ, ಅದೂ ಶೀರ್ಷಿಕೆಯಂಥ ಒಂದು ವಾಕ್ಯ ಮಾತ್ರ. ಐದು ವರ್ಷದ ಕೆಲಸಕ್ಕೆ ಒಂದೂವರೆ ಸಾಲು! ನನ್ನ ಮುಂದೆ ಒಂದು ರಾಶಿ ಸಿ.ವಿ. ಇದ್ದ ದಿನ ನಿಮ್ಮದು ಬಂದಿದ್ದರೆ ಮೂರನೇ ಪುಟದ ತನಕ ನಾನು ಬರುತ್ತಿದ್ದೆ ಎಂದು ಖಾತ್ರಿಯಾಗಿ ಹೇಳಲಾರೆ.

ಕೊರತೆ ಎಂದು ನೀವು ಬರೆದಿರುವ ಆ ವರ್ಷವೇ ನಿಮ್ಮ ಸಿ.ವಿ.ಯ ಜೀವ. ಸತುವಿನ ಆಕ್ಸೈಡ್ ಪದರ ಮಾಡಿದವರು ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲೇ ಎಷ್ಟೋ ಜನ ಇದ್ದಾರೆ. ಅನಿಲ ಸೋರದ ಪೆಟ್ಟಿಗೆಯನ್ನು ತಾವೇ ನಿಂತು ಮಾಡಿಸಿದವರು ಕಡಿಮೆ. ಗ್ಯಾಸ್ಕೆಟ್ಟಿಗೆ ಯಾವ ವಸ್ತು ಬಳಸಿದಿರಿ, ಹೀಟರ್ ಬಿಸಿಯಾದಾಗ ಅದು ತಡೆಯಿತೇ, ತಂತಿಗಳನ್ನು ಒಳಗೆ ಬಿಟ್ಟ ಜಾಗದಲ್ಲಿ ಸೋರಿಕೆ ನಿಲ್ಲಿಸಿದ್ದು ಹೇಗೆ, ಸಿರಿಂಜಿನಿಂದ ಬಿಟ್ಟ ಅನಿಲ ಇಷ್ಟು ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಎಂದು ಲೆಕ್ಕ ಹಾಕಿದ್ದು ಹೇಗೆ, ಗಾಳಿಯ ತೇವಾಂಶ ಹೆಚ್ಚಾದ ದಿನ ಓದಿಕೆ ಎಷ್ಟು ಅಲುಗಾಡಿತು? ಸೆನ್ಸರ್ ಕಂಪನಿಯ ಎಂಜಿನಿಯರ್ ನಿಮ್ಮನ್ನು ಕರೆಸುವುದು ಇವನ್ನು ಕೇಳುವುದಕ್ಕೆ. ಕೇಳಬೇಕೆಂದು ಅವರಿಗೆ ಅನ್ನಿಸಬೇಕಾದರೆ ಅದು ಮೊದಲ ಪುಟದಲ್ಲಿ ಇರಬೇಕು.

ನೀವು ಬರೆದಿರುವ ಸಾಲನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: ‘ಸತುವಿನ ಆಕ್ಸೈಡ್ ತೆಳುಪದರಗಳ ತಯಾರಿಕೆ ಮತ್ತು ಗುಣಲಕ್ಷಣಗಳ ಅಧ್ಯಯನವನ್ನು ಕೈಗೊಳ್ಳಲಾಯಿತು.’ ಕೈಗೊಂಡವರು ಯಾರು, ಏತಕ್ಕೆ ಎಂಬುದು ಇದರಲ್ಲಿ ಇಲ್ಲ. ಬದಲಿಗೆ ಹೀಗೆ ಬರೆಯಿರಿ: ‘ಅಮೋನಿಯಾ ಸೆನ್ಸರ್ ಪರೀಕ್ಷೆಗೆ 5 ಲೀಟರಿನ ಸ್ಟೇನ್‌ಲೆಸ್ ಸ್ಟೀಲ್ ಚೇಂಬರ್ ವಿನ್ಯಾಸ ಮಾಡಿ, ಸ್ಥಳೀಯ ವರ್ಕ್‌ಶಾಪಿನಲ್ಲಿ ತಯಾರಿಸಿ, ಹೀಟರ್ ನಿಯಂತ್ರಣವನ್ನೂ ಪೈಥಾನ್ ಆಧಾರಿತ ದತ್ತಾಂಶ ದಾಖಲೆಯನ್ನೂ ಅಳವಡಿಸಿದೆ. ಈ ಚೇಂಬರಿನಲ್ಲಿ ತೆಳುಪದರಗಳ ಪ್ರತಿಕ್ರಿಯೆಯ ವೇಗ, ಚೇತರಿಕೆಯ ಅವಧಿ ಅಳೆದೆ.’ ಮುಂದಿನ ಸಾಲಿನಲ್ಲಿ ನಿಮ್ಮ ಅತ್ಯುತ್ತಮ ಪದರ ಎಷ್ಟು ಪಿಪಿಎಂ ತನಕ, ಯಾವ ಉಷ್ಣಾಂಶದಲ್ಲಿ, ಎಷ್ಟು ಸೆಕೆಂಡಿನಲ್ಲಿ ಗುರುತಿಸಿತು ಎಂದು ಅಂಕಿಯಲ್ಲೇ ಹಾಕಿ. ಆ ಚೇಂಬರನ್ನು ಇಲಾಖೆಯ ಬೇರೆ ಸಂಶೋಧಕರು ಈಗ ಬಳಸುತ್ತಿದ್ದರೆ ಅದನ್ನೂ ಸೇರಿಸಿ. ನೀವು ಮಾಡಿದ್ದು ನೀವು ಹೊರಟ ಮೇಲೂ ಕೆಲಸ ಮಾಡುತ್ತಿದೆ ಎಂಬ ಸಂಗತಿಗೆ ನಾನು ಬಹಳ ಬೆಲೆ ಕೊಡುತ್ತೇನೆ.

ಇನ್ನು ವಸ್ತುವಿನ ರಚನೆ, ಮೇಲ್ಮೈ ಪರೀಕ್ಷಿಸುವ ಉಪಕರಣಗಳ ಪಟ್ಟಿ. ಎಕ್ಸ್‌ಆರ್‌ಡಿ, ಎಸ್‌ಇಎಂ, ಟಿಇಎಂ, ಎಕ್ಸ್‌ಪಿಎಸ್, ರಾಮನ್, ಎಎಫ್‌ಎಂ ಎಂದು ಸಾಲಾಗಿ ಬರೆದಿದ್ದೀರಿ. ಇವುಗಳಲ್ಲಿ ಯಾವುದರ ಮುಂದೆ ನೀವು ಸ್ವತಃ ಕೂತಿದ್ದೀರಿ? ನಮ್ಮಲ್ಲಿ ಪದ್ಧತಿ ಹೇಗಿದೆ ಎಂದು ನನಗೂ ಗೊತ್ತು. ಸ್ಯಾಂಪಲ್ಲನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ, ಶುಲ್ಕ ಕಟ್ಟಿ, ದೊಡ್ಡ ಸಂಸ್ಥೆಯ ಕೇಂದ್ರೀಯ ಸೌಲಭ್ಯಕ್ಕೆ ಕಳಿಸುತ್ತೇವೆ. ಅಲ್ಲಿನ ಆಪರೇಟರ್ ಅಳೆದು ಫೈಲ್ ಕಳಿಸುತ್ತಾರೆ. ಇದರಲ್ಲಿ ಅವಮಾನವೇನೂ ಇಲ್ಲ. ಆದರೆ ಎಕ್ಸ್‌ಪಿಎಸ್ ಎಂದು ಬರೆದ ಮೇಲೆ, ಸ್ಯಾಂಪಲ್ಲಿನಲ್ಲಿ ಚಾರ್ಜ್ ತುಂಬಿ ಪೀಕ್‌ಗಳು (ಗ್ರಾಫಿನ ಶಿಖರಗಳು) ಸರಿದಾಗ ಯಾವುದನ್ನು ಆಧಾರವಾಗಿ ಹಿಡಿದಿರಿ ಎಂದು ಕೇಳಿದರೆ, ಕಾರ್ಬನ್ 1ಎಸ್ ಪೀಕನ್ನು 284.8 ಎಲೆಕ್ಟ್ರಾನ್ ವೋಲ್ಟ್‌ಗೆ ಹೊಂದಿಸಿದೆ ಎಂದಾದರೂ, ಯಾಕೆ ಹೊಂದಿಸಿದೆ ಎಂದಾದರೂ ಹೇಳಲು ಬರಬೇಕು. ಎಸ್‌ಇಎಂ ಎಂದಿದ್ದರೆ ವೇಗವರ್ಧಕ ವೋಲ್ಟೇಜ್ ಎಷ್ಟಿಟ್ಟಿರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಲ್ಲಿ ಮೌನವಾದರೆ, ನಿಜವಾಗಿ ಗೊತ್ತಿರುವ ಉಳಿದ ಸಂಗತಿಗಳ ಮೇಲೂ ಕೇಳುವವರಿಗೆ ನಂಬಿಕೆ ಹೋಗುತ್ತದೆ. ಒಳ್ಳೆಯ ಕೆಲಸ ಮಾಡಿದ ಹುಡುಗರು ಈ ಒಂದೇ ಕಾರಣಕ್ಕೆ ಮುಗ್ಗರಿಸಿದ್ದನ್ನು ನೋಡಿ ನನಗೆ ನಿಜಕ್ಕೂ ಬೇಸರವಾಗಿದೆ.

ಹಾಗಾಗಿ ಪಟ್ಟಿಯನ್ನು ಒಡೆಯಿರಿ. ಸ್ವತಃ ನಡೆಸಿದ್ದು ಒಂದು ಸಾಲು, ದತ್ತಾಂಶವನ್ನು ಮಾತ್ರ ವಿಶ್ಲೇಷಿಸಿದ್ದು ಇನ್ನೊಂದು ಸಾಲು. ನಿಮ್ಮ ಇಲಾಖೆಯಲ್ಲೇ ಎಕ್ಸ್‌ಆರ್‌ಡಿ ಇದೆ, ನೀವೇ ನಡೆಸುತ್ತೀರಿ ಎಂದಾದರೆ ಅದಕ್ಕೆ ಮೊದಲ ಜಾಗ. 34.4 ಡಿಗ್ರಿಯ ಆಸುಪಾಸಿನ ಪೀಕಿನ ಅಗಲದಿಂದ ಶೆರ್ರರ್ ಸೂತ್ರ ಹಾಕಿ ಸ್ಫಟಿಕ ಕಣದ ಗಾತ್ರ ತೆಗೆದವರು ಎಲ್ಲರೂ. ಉಪಕರಣದಿಂದಲೇ ಬರುವ ಅಗಲವನ್ನು ಕಳೆದು ಲೆಕ್ಕ ಹಾಕಿದವರು ಕೆಲವರು. ನೀವು ಕಳೆದಿದ್ದರೆ ಅದನ್ನು ಬರೆಯಿರಿ, ಓದುವ ಪರಿಣತನ ಕಣ್ಣು ಅಲ್ಲಿ ನಿಲ್ಲುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಹೊರಗಿನ ಸಂಶೋಧಕರಿಗೆ ತರಬೇತಿ ಕೊಡುವ ಕಾರ್ಯಕ್ರಮವಿದೆ. ಅಂಥದ್ದಕ್ಕೆ ಹೋಗಿ ಕ್ಲೀನ್‌ರೂಮಿನಲ್ಲಿ (ದೂಳಿಲ್ಲದ ಪ್ರಯೋಗ ಕೊಠಡಿ) ಕೈಯಾರೆ ಮಾಡಿದ್ದರೆ ಅದು ಕಾರ್ಯಾಗಾರಗಳ ರಾಶಿಯಲ್ಲಿ ಮುಚ್ಚಿಹೋಗುವುದು ಬೇಡ.

ಪೇಪರುಗಳ ವಿಷಯ. ಎಲ್ಲ ಲೇಖಕರ ಹೆಸರನ್ನೂ ಅಚ್ಚಾದ ಕ್ರಮದಲ್ಲೇ ಕೊಟ್ಟು ನಿಮ್ಮದನ್ನು ದಪ್ಪಕ್ಷರದಲ್ಲಿ ತೋರಿಸಿ. ಪ್ರಕಟವಾದದ್ದು, ಸ್ವೀಕೃತವಾದದ್ದು, ಪರಿಶೀಲನೆಯಲ್ಲಿರುವುದು ಬೇರೆ ಬೇರೆ ಇರಲಿ. ‘ತಯಾರಿಯಲ್ಲಿ’ ಎಂಬ ನಾಲ್ಕು ಪೇಪರುಗಳನ್ನು ತೆಗೆದುಬಿಡಿ. ನೀವು ಮೊದಲ ಲೇಖಕರಲ್ಲದ ಪೇಪರಿನ ಕೆಳಗೆ ಅದರಲ್ಲಿ ನಿಮ್ಮ ಪಾಲು ಏನು ಎಂದು ಒಂದು ಸಾಲು ಸಾಕು. ಎಷ್ಟೋ ಜರ್ನಲ್‌ಗಳು ಈಗ 14 ಬಗೆಯ ಪಾತ್ರಗಳ ಪಟ್ಟಿಯೊಂದನ್ನು ಬಳಸಿ ಯಾರು ಪ್ರಯೋಗ ಮಾಡಿದರು, ಯಾರು ಸಾಫ್ಟ್‌ವೇರ್ ಬರೆದರು ಎಂದು ಪೇಪರಿನ ಕೊನೆಯಲ್ಲೇ ಅಚ್ಚು ಹಾಕುತ್ತವೆ. ನಿಮ್ಮ ಸಾಲು ಅದಕ್ಕೆ ಹೊಂದಬೇಕು. ಇಂಪ್ಯಾಕ್ಟ್ ಫ್ಯಾಕ್ಟರ್ (ಜರ್ನಲ್ಲಿನ ಪೇಪರುಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬ ಅಂಕಿ) ಸಿ.ವಿ.ಗೆ ಬೇಡ ಎನ್ನುವುದು ನನ್ನ ಮತ. ಜರ್ನಲ್ಲಿನ ಅಂಕಿಯಿಂದ ಒಬ್ಬ ಸಂಶೋಧಕನನ್ನು ಅಳೆಯಬಾರದು ಎಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರೂಪುಗೊಂಡ ಘೋಷಣೆ ಹೇಳುತ್ತದೆ, ಜಗತ್ತಿನ ಬಹಳ ಸಂಸ್ಥೆಗಳು ಅದಕ್ಕೆ ಸಹಿ ಹಾಕಿವೆ. ಆದರೆ ನಮ್ಮಲ್ಲಿ ಅರ್ಜಿ ನಮೂನೆಯಲ್ಲೇ ಅದಕ್ಕೊಂದು ಕಲಂ ಇರುತ್ತದೆ, ಅಲ್ಲಿ ತುಂಬಲೇಬೇಕು.

ವೈವಾ ಆಗುವ ತನಕ ಹೆಸರಿಗೆ ‘ಡಾ.’ ಸೇರಿಸುವುದು ಬೇಡ. ‘ಥೀಸಿಸ್ ಸಲ್ಲಿಕೆ: ಇಂಥ ತಿಂಗಳು, ಇಂಥ ವರ್ಷ; ವೈವಾ ನಿರೀಕ್ಷಿತ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಕೊನೆಯದಾಗಿ, ಒಂದೇ ಫೈಲನ್ನು ಎಲ್ಲ ಕಡೆಗೂ ಕಳಿಸುತ್ತಿದ್ದೀರಿ. ಕಂಪನಿಗೆ ಎರಡು ಪುಟ, ಚೇಂಬರ್ ಮತ್ತು ಪೈಥಾನ್ ಮೇಲೆ, ಪೇಪರುಗಳು ಕೊನೆಯಲ್ಲಿ. ಎರಡು ಕಾಲಂ, ಕೋಷ್ಟಕ, ಕೌಶಲಕ್ಕೆ ನಕ್ಷತ್ರದ ಗುರುತು ಇವೆಲ್ಲ ಬೇಡ. ದೊಡ್ಡ ಕಂಪನಿಗಳಲ್ಲಿ ಸಾಫ್ಟ್‌ವೇರ್ ಮೊದಲು ಓದುತ್ತದೆ, ಅದಕ್ಕೆ ಇಂಥ ಅಲಂಕಾರ ಎಷ್ಟೋ ಸಲ ಗೊಂದಲ. ಜಾಹೀರಾತಿನಲ್ಲಿ ಇರುವ ಪದ ನಿಮ್ಮ ಕೆಲಸಕ್ಕೆ ನಿಜವಾಗಿ ಒಪ್ಪಿದರೆ ಅದೇ ಪದ ಬಳಸಿ. ಪೋಸ್ಟ್‌ಡಾಕ್‌ಗೆ ಬರೆಯುವಾಗ ಮೊದಲು ಬರಬೇಕಾದ್ದು ನಿಮ್ಮ ಪ್ರಶ್ನೆ: ಯಾವುದು ಗೊತ್ತಿರಲಿಲ್ಲ, ನಿಮ್ಮ ಕೆಲಸದಿಂದ ಏನು ಗೊತ್ತಾಯಿತು. ನಾಲ್ಕು ಸಾಲು ಸಾಕು. ಅಲ್ಲಿ ಪುಟದ ಮಿತಿ ಇಲ್ಲ, ಆದರೂ ಕೇಳಲು ಹೋದ ಕಾರ್ಯಾಗಾರಗಳಿಗೆ ಒಂದು ಪುಟ ಕೊಡಬೇಡಿ. ಹತ್ತನೇ ತರಗತಿಯ ಅಂಕ ಎರಡರಲ್ಲೂ ಬೇಡ. ಸರ್ಕಾರಿ ಪ್ರಯೋಗಾಲಯದ ನಮೂನೆಯಲ್ಲಿ ಕೇಳಿದರೆ ಅಲ್ಲಿ ಬರೆಯಿರಿ.

ಪ್ರಶ್ನೆ: ಆಹಾರ ವಿಜ್ಞಾನದಲ್ಲಿ ರಾಗಿ ಪಿಷ್ಟದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ನಡುವೆ ಮಗುವಾಯಿತು. ನಿಯಮದ ಪ್ರಕಾರ ರಜೆ ತೆಗೆದುಕೊಂಡೆ. ರಜೆಯ ಕೊನೆಯ ತಿಂಗಳುಗಳಲ್ಲಿ ಒಂದು ವಿಮರ್ಶಾ (ರಿವ್ಯೂ) ಲೇಖನ ಬರೆದೆ, ಅದು ಪ್ರಕಟವೂ ಆಯಿತು. ಸಿ.ವಿ.ಯಲ್ಲಿ ಈ ಖಾಲಿ ಅವಧಿಯನ್ನು ಹೇಗೆ ಮುಚ್ಚಲಿ? — ಮೈಸೂರಿನ ಓದುಗರು

ಉತ್ತರ: ಮುಚ್ಚಬೇಡಿ. ಪಿಎಚ್.ಡಿ.ಯ ಅವಧಿಯೊಳಗೆ ಮಹಿಳೆಯರಿಗೆ 240 ದಿನಗಳ ತನಕ ಹೆರಿಗೆ ಮತ್ತು ಶಿಶುಪಾಲನಾ ರಜೆಗೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲೇ ಅವಕಾಶವಿದೆ. ನೀವು ಪಡೆದದ್ದು ನಿಮ್ಮ ಹಕ್ಕು. ಪಿಎಚ್.ಡಿ. ಎಂಬ ಸಾಲಿನ ಕೆಳಗೆ ‘ಹೆರಿಗೆ ರಜೆ’ ಎಂದು ತಿಂಗಳು-ವರ್ಷ ಹಾಕಿದರೆ ಮುಗಿಯಿತು. ಕಾರಣ, ಕ್ಷಮೆ, ವಿವರಣೆ ಏನೂ ಬೇಡ. ಮಗುವಿನ ಹೆಸರು, ವಯಸ್ಸು ಕೂಡ ಬೇಡ. ಓದುವವರು ಆಗ ನಿಮ್ಮ ಪೇಪರುಗಳನ್ನು ನೀವು ನಿಜವಾಗಿ ದುಡಿದ ಅವಧಿಗೆ ಹೋಲಿಸಿ ನೋಡುತ್ತಾರೆ, ಅದು ನಿಮಗೆ ಅನುಕೂಲವೇ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್-ಕಿರಣ್ ಕಾರ್ಯಕ್ರಮದಲ್ಲಿ ಮಹಿಳಾ ಸಂಶೋಧಕರಿಗಾಗಿಯೇ ಫೆಲೋಶಿಪ್‌ಗಳಿವೆ, ಅದನ್ನೂ ನೋಡಿ.

ವಿಮರ್ಶಾ ಲೇಖನವನ್ನು ರಜೆಯ ಜೊತೆ ಸೇರಿಸಬೇಡಿ, ಪ್ರಕಟಣೆಗಳಲ್ಲಿ ಅದರ ಜಾಗಕ್ಕೆ ಹಾಕಿ. ರಜೆಯಲ್ಲೂ ದುಡಿದೆ ಎಂದು ತೋರಿಸಬೇಕಾದ ಒತ್ತಡ ನಿಮ್ಮ ಹಿಂದೆ ಬರುವ ಹುಡುಗಿಯರ ಮೇಲೂ ಬೀಳುತ್ತದೆ. ಅದು ನನಗೆ ಇಷ್ಟವಿಲ್ಲ.

ಪ್ರಶ್ನೆ: ಕಂಪ್ಯೂಟರ್ ಸೈನ್ಸ್‌ನಲ್ಲಿ ಕನ್ನಡ ಕೈಬರಹ ಗುರುತಿಸುವ ಬಗ್ಗೆ ಸಂಶೋಧನೆ ನಡೆಸಿದ್ದೇನೆ. ಒಂಬತ್ತು ಪೇಪರ್ ಇವೆ. ಅವುಗಳಲ್ಲಿ ಏಳು, ಹಣ ಕಟ್ಟಿದರೆ ವಾರದಲ್ಲಿ ಹಾಕುವಂಥ ಜರ್ನಲ್‌ಗಳಲ್ಲಿ ಬಂದವು. ಸಂಖ್ಯೆ ಇರಲಿ ಎಂದು ಎಲ್ಲರೂ ಹೇಳಿದ್ದರು. ಈಗ ಎಲ್ಲವನ್ನೂ ಹಾಕಬೇಕೇ? ಶಾಲಾ ಮಕ್ಕಳಿಂದ ಕೈಬರಹದ ಹಾಳೆಗಳನ್ನು ನಾನೇ ಸಂಗ್ರಹಿಸಿದ್ದೇನೆ. — ಬೆಳಗಾವಿಯ ಓದುಗರು

ಉತ್ತರ: ಸಿ.ವಿ.ಯಲ್ಲಿ ‘ಆಯ್ದ ಪ್ರಕಟಣೆಗಳು’ ಎಂದು ತಲೆಬರಹ ಕೊಟ್ಟು ಗಟ್ಟಿಯಾದ ಎರಡನ್ನು ಮಾತ್ರ ಹಾಕಿ. ಅರ್ಜಿ ನಮೂನೆ ಎಲ್ಲ ಪ್ರಕಟಣೆಗಳನ್ನೂ ಕೇಳಿದರೆ ಅಲ್ಲಿ ಒಂಬತ್ತನ್ನೂ ಬರೆಯಬೇಕು, ಮರೆಮಾಚುವಂತಿಲ್ಲ. ಅನುಭವಿ ಓದುಗರಿಗೆ ಆ ಜರ್ನಲ್‌ಗಳ ಹೆಸರು ನೋಡಿದರೆ ಸಾಕು, ಒಳ್ಳೆಯ ಎರಡರ ಮೇಲೂ ಅನುಮಾನ ಹಬ್ಬುತ್ತದೆ. ಯುಜಿಸಿಯ 2016ರ ನಿಯಮದಲ್ಲಿ ಥೀಸಿಸ್ ಸಲ್ಲಿಸುವ ಮೊದಲು ಒಂದು ಪೇಪರ್ ಪ್ರಕಟವಾಗಿರಬೇಕಿತ್ತು. 2022ರ ನಿಯಮ ಆ ಕಡ್ಡಾಯವನ್ನು ತೆಗೆದಿದೆ, ಆದರೂ ಹಲವು ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಂಡಿವೆ. ಒಳ್ಳೆಯ ಜರ್ನಲ್‌ಗಳನ್ನು ಗುರುತಿಸಲೆಂದು ಇದ್ದ ಯುಜಿಸಿ-ಕೇರ್ ಪಟ್ಟಿಯೂ 2025ರಲ್ಲಿ ನಿಂತಿತು. ಹೀಗಾಗಿ ಆಯ್ಕೆಯ ಭಾರ ನಿಮ್ಮ ಮೇಲೇ ಇದೆ. ಸಂಖ್ಯೆ ಹೆಚ್ಚಿಸಿ ಎಂದು ನಿಮಗೆ ಹೇಳಿದವರ ಮೇಲೆ ನನಗೆ ಸಿಟ್ಟಿದೆ. ದುಡ್ಡು ಹೋದದ್ದು ವಿದ್ಯಾರ್ಥಿಯ ಜೇಬಿನಿಂದ.

ಈ ವಿಷಯ ನನ್ನ ಕ್ಷೇತ್ರವಲ್ಲದ್ದರಿಂದ ಪಕ್ಕದ ವಿಭಾಗದ ಸಹೋದ್ಯೋಗಿಗೆ ನಿಮ್ಮ ಪತ್ರ ತೋರಿಸಿದೆ. ಪೇಪರುಗಳ ಸಂಖ್ಯೆಯನ್ನು ಅವರು ನೋಡಲೇ ಇಲ್ಲ. ಕೇಳಿದ್ದು ಒಂದೇ: ತರಬೇತಿಗೆ ಬಳಸಿದ ಮಕ್ಕಳ ಬರಹವೇ ಪರೀಕ್ಷೆಯ ಗುಂಪಿನಲ್ಲೂ ಇದೆಯೇ, ಅಥವಾ ಪರೀಕ್ಷೆಗೆ ಬೇರೆಯೇ ಮಕ್ಕಳೇ? ಒಂದೇ ಮಗುವಿನ ಅಕ್ಷರ ಎರಡೂ ಕಡೆ ಇದ್ದರೆ ನಿಖರತೆಯ ಶೇಕಡಾವಾರು ಅಂಕಿ ಉಬ್ಬಿಕೊಂಡಿರುತ್ತದೆ. ಈ ವಿಂಗಡಣೆ ಸರಿಯಾಗಿ ಮಾಡಿದ್ದರೆ ಅದನ್ನು ಅಂಕಿಯ ಪಕ್ಕದಲ್ಲೇ ಬರೆಯಿರಿ. ಮಾಡಿಲ್ಲದಿದ್ದರೆ ಮತ್ತೆ ನಡೆಸಿ, ಅಂಕಿ ಇಳಿದರೂ ಇಳಿದದ್ದನ್ನೇ ಹಾಕಿ. ಕನ್ನಡದ ಕೈಬರಹದ ಅಂಕಿಗಳಿಗೆ ಕನ್ನಡ-ಎಂನಿಸ್ಟ್ ಎಂಬ ಮುಕ್ತ ದತ್ತಾಂಶ 2019ರಿಂದಲೇ ಇದೆ. ಪೂರ್ತಿ ಅಕ್ಷರಮಾಲೆ, ಒತ್ತಕ್ಷರ, ಅದೂ ಮಕ್ಕಳ ಕೈಯದ್ದು ಎಂದರೆ ನಿಮ್ಮ ಸಂಗ್ರಹಕ್ಕೆ ತನ್ನದೇ ಬೆಲೆ. ಎಷ್ಟು ಮಕ್ಕಳು, ಎಷ್ಟು ಶಾಲೆ, ಎಷ್ಟು ಅಕ್ಷರ, ಪೋಷಕರ ಒಪ್ಪಿಗೆ ಹೇಗೆ ಪಡೆದಿರಿ, ಇದು ಸಿ.ವಿ.ಯ ಮೊದಲ ಪುಟಕ್ಕೆ ಬರಬೇಕು. ಮಕ್ಕಳ ಹೆಸರು ತೆಗೆದು, ಒಪ್ಪಿಗೆ ಇರುವಷ್ಟನ್ನು ಕೋಡ್ ಸಮೇತ ಗಿಟ್‌ಹಬ್‌ನಲ್ಲಿ (ಕೋಡ್ ಹಂಚಿಕೊಳ್ಳುವ ಜಾಲತಾಣ) ಹಾಕಿ ಕೊಂಡಿ ಕೊಡಿ. ಏಳು ಪೇಪರ್ ಕೊಡಲಾಗದ ಗೌರವವನ್ನು ಅದು ಕೊಡುತ್ತದೆ.

ಪ್ರಶ್ನೆ: ಮಾರ್ಗದರ್ಶಕರೊಂದಿಗೆ ಸಂಬಂಧ ಹಳಸಿದೆ. ರೆಫರೆನ್ಸ್ ಜಾಗದಲ್ಲಿ ಅವರ ಹೆಸರು ಹಾಕಲೇಬೇಕೇ? — ಹೆಸರು, ಊರು ಬೇಡ ಎಂದಿದ್ದಾರೆ

ಉತ್ತರ: ಗೈಡ್ ಹೆಸರು ಇಲ್ಲದಿದ್ದರೆ ಕಣ್ಣಿಗೆ ಬೀಳುತ್ತದೆ, ಅದು ನಿಜ. ಆದರೆ ನಿಮ್ಮ ಬಗ್ಗೆ ಒಳ್ಳೆಯದು ಬರೆಯಲಾರದವರ ಹೆಸರು ಹಾಕುವುದಕ್ಕಿಂತ ಇಲ್ಲದಿರುವುದೇ ವಾಸಿ. ಥೀಸಿಸ್ ಸಾಲಿನಲ್ಲಿ ಅವರ ಹೆಸರು ಇರಲಿ, ಅದು ಸತ್ಯ. ರೆಫರೆನ್ಸ್‌ಗೆ ನಿಮ್ಮ ಸಂಶೋಧನಾ ಸಲಹಾ ಸಮಿತಿಯ ಸದಸ್ಯರನ್ನು ಕೇಳಿ. ಪ್ರತಿ ಸೆಮಿಸ್ಟರಿನಲ್ಲಿ ನೀವು ಪ್ರಗತಿ ಮಂಡಿಸಿದ್ದನ್ನು ಅವರು ಕೂತು ಕೇಳಿದ್ದಾರೆ, ಬೇರೆಯವರಿಗಿಂತ ನಿಮ್ಮ ಕೆಲಸ ಅವರಿಗೆ ಗೊತ್ತು. ಜೊತೆಗೆ ಒಬ್ಬ ಸಹಲೇಖಕರು, ನೀವು ಉಪಕರಣ ಬಳಸಿದ ಸಂಸ್ಥೆಯ ಒಬ್ಬ ವಿಜ್ಞಾನಿ. ಮೂವರಿಗೂ ಮೊದಲೇ ಫೋನ್ ಮಾಡಿ ಒಪ್ಪಿಗೆ ಕೇಳಿ, ಸಿ.ವಿ.ಯನ್ನೂ ಜಾಹೀರಾತನ್ನೂ ಕಳಿಸಿ. ಸಂದರ್ಶನದಲ್ಲಿ ಗೈಡ್ ಬಗ್ಗೆ ಕೇಳಿದರೆ ‘ಕೆಲಸದ ದಿಕ್ಕಿನ ಬಗ್ಗೆ ಭಿನ್ನಾಭಿಪ್ರಾಯ ಇತ್ತು’ ಎಂಬಷ್ಟರಲ್ಲಿ ನಿಲ್ಲಿಸಿ. ನಿಮ್ಮ ಪತ್ರದ ಉಳಿದ ವಿವರಗಳನ್ನು ಇಲ್ಲಿ ಹಾಕಿಲ್ಲ. ಆದರೆ ಓದಿದ್ದೇನೆ, ನಿಮ್ಮ ತಪ್ಪು ಅದರಲ್ಲಿ ನನಗೆ ಕಾಣಲಿಲ್ಲ.

ಪ್ರಶ್ನೆ: ಫೋಟೊ, ಜನ್ಮದಿನಾಂಕ, ‘ಮೇಲಿನ ಮಾಹಿತಿ ಸತ್ಯವೆಂದು ಪ್ರಮಾಣೀಕರಿಸುತ್ತೇನೆ’ ಎಂಬ ಸಾಲು, ಸಹಿ ಬೇಕೇ? — ತುಮಕೂರಿನ ಓದುಗರು

ಉತ್ತರ: ಅಮೆರಿಕ, ಬ್ರಿಟನ್ನಿಗೆ ಕಳಿಸುವಾಗ ಇವು ಯಾವುವೂ ಬೇಡ. ಜರ್ಮನಿಯಲ್ಲಿ ಫೋಟೊ ಹಾಕುವ ರೂಢಿ ಇದೆ, ಕಡ್ಡಾಯವಲ್ಲ. ನಮ್ಮ ಸರ್ಕಾರಿ ನಮೂನೆಗಳಲ್ಲಿ ಎಲ್ಲವೂ ಬೇಕು, ಅವರು ಕೊಟ್ಟ ಕ್ರಮದಲ್ಲೇ ತುಂಬಿ. ಜಾತಿ, ಧರ್ಮ, ಮದುವೆಯ ವಿವರ ಸಿ.ವಿ.ಗೆ ಎಂದೂ ಬೇಡ. ಮೀಸಲಾತಿಗೆ ಸಂಬಂಧಿಸಿದ್ದು ನಮೂನೆಯಲ್ಲೂ ಪ್ರಮಾಣಪತ್ರದಲ್ಲೂ ಹೋಗುತ್ತದೆ.

ಪ್ರಶ್ನೆ: ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಜೊತೆ ಊರಿನ, ತಂದೆಯ ಎರಡು ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ತಂದೆಯ ಹೆಸರೇ ಸರ್‌ನೇಮ್. ಒಂದು ಪೇಪರಿನಲ್ಲಿ ಇನಿಷಿಯಲ್ ಹೆಸರಿಗಿಂತ ಮೊದಲು, ಇನ್ನೊಂದರಲ್ಲಿ ಹೆಸರಾದ ಮೇಲೆ. ಪೇಪರುಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್ ನನ್ನನ್ನು ಇಬ್ಬರೆಂದು ಎಣಿಸುತ್ತಿದೆ. — ಹಾಸನದ ಓದುಗರು

ಉತ್ತರ: ನಮ್ಮ ಕಡೆಯ ಹೆಸರುಗಳಿಗೆಲ್ಲ ಇರುವ ತೊಂದರೆ ಇದು. ಓರ್ಕಿಡ್ ಎಂಬ 16 ಅಂಕಿಯ ಗುರುತು ಸಂಖ್ಯೆ ಉಚಿತವಾಗಿ ಸಿಗುತ್ತದೆ. ಅದನ್ನು ಪಡೆದು, ನಿಮ್ಮ ಹೆಸರಿನ ಎಲ್ಲ ರೂಪಗಳನ್ನೂ ಅದರಲ್ಲಿ ನಮೂದಿಸಿ, ಹಳೆಯ ಪೇಪರುಗಳನ್ನೂ ಅಲ್ಲಿಗೆ ಜೋಡಿಸಿ. ಸ್ಕಾಲರ್‌ನಲ್ಲಿ ಬಿಟ್ಟುಹೋದ ಪೇಪರುಗಳನ್ನು ನಿಮ್ಮ ಪ್ರೊಫೈಲಿಗೆ ನೀವೇ ಸೇರಿಸಿಕೊಳ್ಳಬಹುದು. ಸಿ.ವಿ.ಯ ತಲೆಯಲ್ಲಿ ಪಾಸ್‌ಪೋರ್ಟ್‌ನ ಹೆಸರು, ಅದರ ಕೆಳಗೆ ಆ ಸಂಖ್ಯೆ, ಪ್ರಕಟಣೆಗಳ ಪಟ್ಟಿಯ ಮೇಲೆ ‘ಈ ಹೆಸರುಗಳಲ್ಲಿ ಪ್ರಕಟಿಸಿದ್ದೇನೆ’ ಎಂದು ಒಂದು ಸಾಲು. ಇನ್ನು ಮುಂದೆ ಯಾವ ರೂಪದಲ್ಲಿ ಬರೆಯುತ್ತೀರಿ ಎಂದು ನಿಮ್ಮ ಸಹಲೇಖಕರಿಗೂ ತಿಳಿಸಿಬಿಡಿ. ಮುಂದಿನ ಪೇಪರ್ ಜರ್ನಲ್ಲಿಗೆ ಕಳಿಸುವ ಮೊದಲೇ ಇದು ಮುಗಿದಿರಲಿ. ಅಚ್ಚಾದ ಮೇಲೆ ಹೆಸರು ತಿದ್ದಿಸಲು ತಿಂಗಳುಗಟ್ಟಲೆ ಪತ್ರವ್ಯವಹಾರ ಬೇಕಾಗಬಹುದು.